ಇಪ್ಪತ್ತೇಳಕ್ಕೆ ನಿಂತರೆ ಮುಟ್ಟಬೇಡಿ

ಬೆಳಗಿನ ಐದೂಕಾಲು. ಆಸ್ಪತ್ರೆಯ ಹಿಂಬಾಗಿಲಿನ ದೀಪ ಇನ್ನೂ ಉರಿಯುತ್ತಿದೆ. ಒಗೆದ ಹಾಸಿಗೆ ಬಟ್ಟೆ ಪೇರಿಸಿಟ್ಟ ಓಣಿ ದಾಟಿ, ಕೊನೆಯ ಕೋಣೆಯ ಬೀಗ ತೆಗೆದು ಒಳಗೆ ಬಂದ ಹೆಂಗಸು ಒಂದು ಗಳಿಗೆ ಕತ್ತಲಲ್ಲೇ ನಿಂತು ಗಾಳಿ ಮೂಸುತ್ತಾರೆ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿಟ್ಟ ಮೂವತ್ತಾರು ಲ್ಯಾಪ್‌ಟಾಪುಗಳಲ್ಲಿ ಯಾವುದಾದರೂ ಒಂದರ ವೈರು ಬೆಂದಿದ್ದರೆ ವಾಸನೆ ಮೊದಲು ಹೇಳುತ್ತದೆ, ಕಣ್ಣು ಆಮೇಲೆ. ಇವತ್ತು ಏನೂ ಇಲ್ಲ. ದೀಪ ಹಾಕುತ್ತಾರೆ, ಸೆರಗು ಸಿಕ್ಕಿಸುತ್ತಾರೆ.

ಗೋಡೆಗೆ ಒರಗಿ ಮರದ ಕಪಾಟು. ಮೂವತ್ತಾರು ಗೂಡು, ಗೂಡಿಗೊಂದು ನಂಬರು, ನಂಬರಿಗೊಂದು ಲ್ಯಾಪ್‌ಟಾಪು ಪುಸ್ತಕದ ಹಾಗೆ ನೆಟ್ಟಗೆ ನಿಂತಿದೆ. ಇವತ್ತಿನ ಪಾಳಿಯ ಆರನ್ನು ಎಳೆದು ಮೇಜಿನ ಮೇಲೆ ಸಾಲಾಗಿ ತೆರೆದಿಡುತ್ತಾರೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡುತ್ತದೆ, ನೂರರತ್ತ ಅಂಕಿ ಏರುತ್ತದೆ. ಮೂರು, ಐದು, ಒಂಬತ್ತು. ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟ ಕುರ್ಚಿಯಲ್ಲಿ ಕೂತು ಅವರು ಆರು ಪರದೆಗಳನ್ನೂ ಒಂದೇ ನೋಟದಲ್ಲಿ ನೋಡುತ್ತಾರೆ. ಏಳೂವರೆಗೆ ಜೀಪುಗಳು ಹೊರಡುತ್ತವೆ. ಅಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಇವರನ್ನು ಆಸ್ಪತ್ರೆಯವರೆಲ್ಲ ಕರೆಯುವುದು ಡಿಸ್ಕಕ್ಕ ಅಂತ. ವಯಸ್ಸು ಐವತ್ತೆರಡು. ಹನ್ನೊಂದು ವರ್ಷದಿಂದ ಇದೇ ಕೋಣೆ, ಇದೇ ಕುರ್ಚಿ. ಇನ್ನು ಒಂಬತ್ತು ದಿನಕ್ಕೆ ಈ ಬೆಳಗಿನ ಕೆಲಸವನ್ನು ನಿಲ್ಲಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಅವರನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದ್ದಾರೆ. ಜೊತೆಗೆ ಅವರ ಸೇವಾ ಪುಸ್ತಕದಲ್ಲಿ ಒಂದು ಪದ ಬರೆದಿಟ್ಟಿದ್ದಾರೆ: ನಿರ್ಲಕ್ಷ್ಯ. ಯಾರಿಗೆ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಕೋಣೆಗೆ ತಡವಾಗಿ ಬಂದವರಿಗೆ. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಬೇಕು. ಈ ಆಸ್ಪತ್ರೆಯ ನರ್ಸುಗಳು ಬೆಳಗಾದರೆ ಜೀಪು ಹತ್ತಿ ಸುತ್ತಲಿನ ಬಡಾವಣೆ, ಕಲ್ಲುಕ್ವಾರಿ, ಇಟ್ಟಿಗೆ ಗೂಡುಗಳಿಗೆ ಹೋಗುತ್ತಾರೆ. ಬಸುರಿಯರ ರಕ್ತದೊತ್ತಡ, ಕೂಸುಗಳ ತೂಕ, ಯಾರಿಗೆ ಯಾವ ಚುಚ್ಚುಮದ್ದು, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡು ಬರುತ್ತಾರೆ. ಅಲ್ಲೆಲ್ಲ ಸಿಗ್ನಲ್ ಇಲ್ಲ. ದೊಡ್ಡ ಕಂಪ್ಯೂಟರಿಗೆ ಎಲ್ಲ ಸೇರುವುದು ಶನಿವಾರವೇ. ಅಲ್ಲಿಯವರೆಗೆ ಆ ಹೆಂಗಸರ, ಆ ಕೂಸುಗಳ ಕತೆಯೆಲ್ಲ ಲ್ಯಾಪ್‌ಟಾಪಿನೊಳಗಿನ ಹಳೇ ಡಿಸ್ಕಿನ ಹೊಟ್ಟೆಯಲ್ಲೇ ಇರುತ್ತದೆ.

"ಡಿಸ್ಕ್ ಅಂದ್ರೆ ಒಂದು ಗೋಡೌನು ಅಂದ್ಕೊಳ್ಳಿ," ಅನ್ನುತ್ತಾರೆ ಡಿಸ್ಕಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಯಾವ ಸಾಮಾನು ಯಾವ ಮೂಲೇಲಿದೆ ಅಂತ ಬಾಗಿಲಲ್ಲಿ ಒಂದು ಪಟ್ಟಿ ಇರುತ್ತೆ. ಸಿಸ್ಟರುಗಳಿಗೆ ಅವಸರ. ಬಟನ್ ಅದುಮಿ ಆಫ್ ಮಾಡಿಬಿಡ್ತಾರೆ. ಇಲ್ಲಾಂದ್ರೆ ಜೀಪಲ್ಲೇ ಬ್ಯಾಟರಿ ಸತ್ತುಹೋಗುತ್ತೆ. ಆಗ ಸಾಮಾನು ಒಳಗೆ ಬಂದಿರುತ್ತೆ, ಪಟ್ಟೀಲಿ ಹತ್ತಿರಲ್ಲ. ಇಲ್ಲಾ ಪಟ್ಟೀಲಿ ಇರುತ್ತೆ, ಹೋಗಿ ನೋಡಿದ್ರೆ ಸಾಮಾನೇ ಇರಲ್ಲ. ಎರಡನ್ನೂ ತಾಳೆ ನೋಡ್ಬೇಕು. ಮೊದಲು ನಕಲು, ಆಮೇಲೆ ನೋಟ, ಕೊನೆಗೆ ರಿಪೇರಿ. ಈ ಮೂರು ಹಿಂದುಮುಂದಾಗಬಾರದು. ಅಷ್ಟೇ ಕೆಲಸ."

ಅಷ್ಟೇ ಕೆಲಸವಂತೆ. ದಿನಕ್ಕೆ ಮೂವತ್ತಾರರ ನಕಲನ್ನೂ ತಮ್ಮ ಬಳಿ ಇರುವ ಬೇರೆ ಡಿಸ್ಕಿಗೆ ಇಳಿಸಬೇಕು, ಆರನ್ನು ಪೂರ್ತಿ ತಪಾಸಣೆಗೆ ಹಾಕಬೇಕು, ವಾರಕ್ಕೆ ಒಂದು ಸುತ್ತು ಮುಗಿಯಬೇಕು. ಮುಗಿದ ಮೇಲೆ ರೂಲು ಹಾಕಿದ ಪುಸ್ತಕದಲ್ಲಿ ನಂಬರು, ತಾರೀಖು, ಮುಂದೆ ಒಂದು ಪದ. ಹಾಗೆ ತುಂಬಿದ ಪುಸ್ತಕಗಳು ಹದಿಮೂರು, ಹದಿನಾಲ್ಕನೆಯದು ನಡೆಯುತ್ತಿದೆ. ತೆರೆದು ನೋಡಿದರೆ ಪುಟಗಟ್ಟಲೆ ಒಂದೇ ಪದ: ಸರಿ, ಸರಿ, ಸರಿ. ಓದುವವರಿಗೆ ಆಕಳಿಕೆ ಬರುತ್ತದೆ. ಹೌದು, ಈ ಕೆಲಸ ಚೆನ್ನಾಗಿ ನಡೆದರೆ ಓದುವವರಿಗೆ ಆಕಳಿಕೆ ಬರಲೇಬೇಕು.

ಶುರುವಿನಲ್ಲಿ ಅವರು ಬಿಡುಗಡೆ ಚೀಟಿ ಟೈಪು ಮಾಡುವವರಾಗಿದ್ದರು. ಓದಿದ್ದು ಹತ್ತನೇ ತರಗತಿ. ಎಲ್ಲೋ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಪೆಟ್ಟಿಗೆಗಟ್ಟಲೆ ಬಂದು ಇಳಿದಾಗ, ಅವನ್ನು ನೋಡಿಕೊಳ್ಳುವವರು ಯಾರು ಅಂತ ಸಭೆ ಸೇರಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಸಭೆಗಳು ಹೇಗೆ ಮುಗಿಯುತ್ತವೋ ಅದೂ ಹಾಗೇ ಮುಗಿಯಿತು. ಅವತ್ತು ಸಭೆಗೆ ಬರದೆ ಕೆಲಸ ಮಾಡುತ್ತಾ ಕೂತವರ ತಲೆಗೆ ಕಟ್ಟಿದರು. ಮಷಿನ್ನು ತಂದವನು ಅರ್ಧ ಗಂಟೆ ಹೇಳಿಕೊಟ್ಟು ಹೋದ. ಉಳಿದದ್ದನ್ನು ಇವರು ಪರದೆ ಮೇಲೆ ಬಂದ ಒಂದೊಂದು ಪದವನ್ನೂ ನಿಘಂಟಿನಲ್ಲಿ ಹುಡುಕಿ ಕಲಿತರು. ಮೊದಲ ವರ್ಷವೇ ಒಂದು ತಿಂಗಳಲ್ಲಿ ಮೂರು ಡಿಸ್ಕು ಸತ್ತವು. ಒಂದರಲ್ಲಿ ನಾನೂರು ಮಕ್ಕಳ ಚುಚ್ಚುಮದ್ದಿನ ಪಟ್ಟಿ ಇತ್ತು. ನರ್ಸುಗಳು ಮನೆಮನೆಗೆ ಮತ್ತೆ ಹೋಗಿ ಕೇಳಬೇಕಾಯಿತು. "ಅವತ್ತು ಮನೆಗೆ ಹೋಗಿ ಬಚ್ಚಲಲ್ಲಿ ಕೂತು ಅತ್ತೆ. ಮಾರನೇ ದಿನದಿಂದ ಐದೂಕಾಲಿಗೆ ಬರೋಕೆ ಶುರು ಮಾಡಿದೆ. ಯಾರೂ ಹೇಳಿರಲಿಲ್ಲ," ಅನ್ನುತ್ತಾರೆ.

ಯಾರೂ ಹೇಳಿರಲಿಲ್ಲ ಅನ್ನುವುದೇ ಈಗ ಅವರ ಮೇಲಿನ ಒಂದು ಆರೋಪ. ಅದಕ್ಕೆ ಆಮೇಲೆ ಬರೋಣ.

ಮನೆಯಲ್ಲಿ ಮೂವರು. ಗಂಡ ಮರಗೆಲಸದವರು. ಕೋಣೆಯ ಕಪಾಟು ಅವರೇ ಮಾಡಿದ್ದು, ರಜಾದಿನಗಳಲ್ಲಿ ಬಂದು, ಮುರಿದ ಮಂಚಗಳ ಹಲಗೆಯಿಂದ. ಇನ್ನೊಬ್ಬರು ಅತ್ತೆ, ಎಪ್ಪತ್ತೆಂಟು ವರ್ಷ, ನಾಲಿಗೆ ಮಾತ್ರ ಹದಿನೆಂಟರದ್ದು. "ಒಲೆ ಮೇಲೆ ಹಾಲಿಟ್ಟರೆ ಎರಡು ನಿಮಿಷ ಕಾಯೋಕೆ ಇವಳ ಕೈಲಿ ಆಗಲ್ಲ, ಉಕ್ಕಿಸಿಬಿಡ್ತಾಳೆ. ಅಲ್ಲಿ ಹೋಗಿ ಡಬ್ಬ ಕಾಯ್ತಾಳಂತೆ ಡಬ್ಬ," ಅಂತ ಸೊಸೆಯ ಎದುರಿಗೇ ಹೇಳುತ್ತಾರೆ. ಸೊಸೆ ನಗುತ್ತಾರೆ. "ಹಾಲಿನ ಒಲೆ ಹತ್ರ ನೀವಿರ್ತೀರಲ್ಲ ಅತ್ತೆ, ಅಲ್ಲಿ ಯಾರೂ ಇಲ್ಲ."

ಮೂವತ್ತಾರರಲ್ಲಿ ಹದಿನೇಳನೇ ನಂಬರಿನದು ಮುದಿಯಾದದ್ದು. ಒಳಗೆ ತಿರುಗುವ ಹಳೇ ಡಿಸ್ಕು, ಕರಕರ ಸದ್ದು. ಮೂರು ಸಲ ಹೊಸ ಡಿಸ್ಕು ಬೇಕೆಂದು ಬರೆದರು, ಮೂರು ಸಲವೂ ಉತ್ತರವಿಲ್ಲ. ಅದನ್ನು ತಪಾಸಣೆಗೆ ಹಾಕಿದರೆ ಅಂಕಿ ಸರಸರ ಏರಿ ಇಪ್ಪತ್ತೇಳಕ್ಕೆ ನಿಂತುಬಿಡುತ್ತದೆ. ಹತ್ತೊಂಬತ್ತು ನಿಮಿಷ ಅಲ್ಲಾಡುವುದಿಲ್ಲ. ಒಳಗೆ ಅದು ಸವೆದ ಜಾಗಗಳನ್ನು ಒಂದೊಂದಾಗಿ ಮತ್ತೆ ಮತ್ತೆ ಓದಿ ನೋಡುತ್ತಿರುತ್ತದೆ. ಹೊರಗಿನವರಿಗೆ ಕಾಣುವುದು ನಿಂತ ಅಂಕಿ ಮಾತ್ರ. ಆಗ ಬಟನ್ ಒತ್ತಿ ಆರಿಸಿದರೆ ಅರ್ಧ ಬರೆದ ಪಟ್ಟಿ ಹರಿದ ಹಾಗೆ. ಅದಕ್ಕೇ ಡಿಸ್ಕಕ್ಕ ಅದರ ಮುಚ್ಚಳದ ಮೇಲೆ ವರ್ಷಗಳಿಂದ ಒಂದು ಚೀಟಿ ಅಂಟಿಸಿದ್ದರು: '27ಕ್ಕೆ ನಿಂತರೆ ಮುಟ್ಟಬೇಡಿ. ಕೆಟ್ಟಿಲ್ಲ. ಕಾಯಿರಿ.'

ಎಂಟು ತಿಂಗಳ ಹಿಂದೆ ಆಡಳಿತದ ಸಾಹೇಬರು ಹೊಸದಾಗಿ ಬಂದರು. ಬಂದ ವಾರವೇ ಕೋಣೆ ಕೋಣೆ ಸುತ್ತಿ ಗೋಡೆ, ಮೇಜು, ಮುಚ್ಚಳದ ಮೇಲಿನ ಚೀಟಿಗಳನ್ನೆಲ್ಲ ಕೀಳಿಸಿದರು. ಕಚೇರಿ ಅಂದರೆ ಕಚೇರಿಯ ಹಾಗೆ ಕಾಣಬೇಕಂತೆ. ಹದಿನೇಳರ ಚೀಟಿಯೂ ಕಸದ ಬುಟ್ಟಿಗೆ ಹೋಯಿತು. ಡಿಸ್ಕಕ್ಕ ಬಾಯಿ ಬಿಟ್ಟು ಹೇಳಿದರು, "ಸಾರ್, ಅದೊಂದು ಇರಲಿ." ಸಾಹೇಬರು ಆಗಲೇ ಮುಂದಿನ ಕೋಣೆಯಲ್ಲಿದ್ದರು.

ಅದಾಗಿ ಐದು ದಿನಕ್ಕೆ ಬೆಳಗಿನ ನಾಲ್ಕೂವರೆಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಗಂಡ ಹೆಂಡತಿ ಅವರನ್ನು ಕರೆತಂದದ್ದು ಇದೇ ಆಸ್ಪತ್ರೆಗೆ. ಎರಡು ಮಹಡಿ ಮೇಲೆ, ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ಅತ್ತೆಯ ಕೈ ಹಿಡಿದು ನಿಂತೇ ಡಿಸ್ಕಕ್ಕ ಏಳು ಗಂಟೆಯ ಹೊತ್ತಿಗೆ ಕೆಳಗಿನ ಕಾವಲುಗಾರನಿಗೆ ಫೋನು ಮಾಡಿದರು. ಬೀಗ ತೆಗೆದು ಇವತ್ತಿನ ಪಾಳಿಯ ಆರನ್ನೂ ಮೇಜಿಗಿಟ್ಟು ಆನ್ ಮಾಡು, ನಾನು ಈಗ ಇಳಿದು ಬರ್ತೀನಿ ಅಂದರು. ಆ ಆರರಲ್ಲಿ ಹದಿನೇಳೂ ಇತ್ತು. ಹಿಂದಿನ ದಿನ ಜೀಪಿನಲ್ಲಿ ಅದರ ಬ್ಯಾಟರಿ ಸತ್ತಿತ್ತು. ಹಾಗಾದಾಗ ಆನ್ ಮಾಡಿದ ಕೂಡಲೇ ಅದು ತಾನಾಗಿಯೇ ತಪಾಸಣೆಗೆ ಕೂರುತ್ತದೆ.

"ಅದು ನನ್ನ ತಪ್ಪು," ಅನ್ನುತ್ತಾರೆ. ಯಾರೂ ಕೇಳಿರಲಿಲ್ಲ, ತಾವಾಗಿಯೇ ಹೇಳುತ್ತಾರೆ. "ಹದಿನೇಳನ್ನ ಬಿಟ್ಟು ಉಳಿದವನ್ನ ಆನ್ ಮಾಡು ಅನ್ನಬೇಕಿತ್ತು. ಅದಕ್ಕೆ ಮೊದಲು ನಕಲು ತಗೋಬೇಕಿತ್ತು. ಅತ್ತೆ ನರಳ್ತಾ ಇದ್ರು, ಮರೆತೆ. ಆದ್ರೂ ಅದನ್ನ ಅದರ ಪಾಡಿಗೆ ಬಿಟ್ಟಿದ್ರೆ ಏನೂ ಆಗ್ತಿರಲಿಲ್ಲ."

ಬಿಡಲಿಲ್ಲ. ಏಳೂ ಇಪ್ಪತ್ತಕ್ಕೆ ಸಾಹೇಬರು ಗಡಿಯಾರ ನೋಡುತ್ತಾ ಬಂದರು. ಜೀಪುಗಳು ಹೊತ್ತಿಗೆ ಸರಿಯಾಗಿ ಹೊರಡಬೇಕೆನ್ನುವುದು ಆ ವಾರದ ಉತ್ಸಾಹ. ಹದಿನೇಳನ್ನು ಒಯ್ಯುವವರು ದೊಡ್ಡ ಸಿಸ್ಟರ್, ನರ್ಸುಗಳಲ್ಲೆಲ್ಲ ಹಿರಿಯರು, ಕ್ವಾರಿ ಕಡೆಗೆ ಹೋಗುವವರು. ಅವರು ಮೇಜಿನ ಪಕ್ಕ ಕೈಕಟ್ಟಿ ನಿಂತಿದ್ದರು. ಪರದೆ ಮೇಲೆ ಇಪ್ಪತ್ತೇಳು.

ಆಮೇಲೆ ಆದದ್ದನ್ನು ದೊಡ್ಡ ಸಿಸ್ಟರ್ ಬಾಯಲ್ಲೇ ಕೇಳಬೇಕು. "ನಾನಂದೆ, ಸಾರ್, ಅಕ್ಕ ಬರೋವರೆಗೂ ಅದನ್ನ ಮುಟ್ಟಬಾರದು. ಅವರು ನನ್ನ ಮುಖ ನೋಡಿ, ಹ್ಯಾಂಗ್ ಆಗಿದೆ ಕಣಮ್ಮಾ, ಅಷ್ಟೂ ಗೊತ್ತಾಗಲ್ವಾ ಅಂದ್ರು. ಬಟನ್ ಮೇಲೆ ಬೆರಳಿಟ್ಟು ಅದುಮಿ ಹಿಡಿದ್ರು. ಕರಕರ ಅನ್ನೋ ಸದ್ದು ನಿಂತುಹೋಯ್ತು. ನೋಡಿ, ಹೀಗೆ ಮಾಡಬೇಕು ಅಂತ ಬೇರೆ ಹೇಳಿದ್ರು."

ಮತ್ತೆ ಆನ್ ಮಾಡಿದಾಗ ಹಿಂದಿನ ದಿನದ ಕಡತ ತೆರೆಯಲಿಲ್ಲ. ಇಪ್ಪತ್ತಮೂರು ಬಸುರಿಯರ ಹೆಸರು, ಒತ್ತಡ, ಊತ, ಮತ್ತೆ ಯಾವಾಗ ನೋಡಬೇಕು ಅನ್ನುವುದು, ಎಲ್ಲ ಹೋಗಿತ್ತು. ಅದಕ್ಕಿಂತ ಹಿಂದಿನ ಮೂರು ಸಾವಿರದ ಚಿಲ್ಲರೆ ಹೆಸರುಗಳು ಮಾತ್ರ ಭದ್ರವಾಗಿದ್ದವು. ಯಾಕೆಂದರೆ ಅವುಗಳ ನಕಲು ಡಿಸ್ಕಕ್ಕನ ಬಳಿಯ ಬೇರೆ ಡಿಸ್ಕಿನಲ್ಲಿತ್ತು. ಈ ಮಾತು ಮುಂದೆ ಬಂದ ಯಾವ ವರದಿಯಲ್ಲೂ ಇಲ್ಲ, ಹುಡುಕಬೇಡಿ.

ದೊಡ್ಡ ಸಿಸ್ಟರ್ ಅಲ್ಲೇ ಕೂತು ನೆನಪಿನಿಂದ ಬರೆದರು. ಇಪ್ಪತ್ತೊಂದು ಹೆಸರು ಬಂದವು. ಇಬ್ಬರು ಬರಲಿಲ್ಲ. ಒಬ್ಬಳ ಬಾಗಿಲು ಹಸಿರು ಅನ್ನುವುದಷ್ಟೇ ಕಣ್ಣಲ್ಲಿತ್ತು. ಅವಳ ಒತ್ತಡ ಏರಿತ್ತು, ಎರಡು ದಿನದಲ್ಲಿ ಮತ್ತೆ ಬರುತ್ತೇನೆ ಅಂದಿದ್ದು ನೆನಪಿತ್ತು. ಕ್ವಾರಿಯ ಸಾಲುಮನೆಗಳಲ್ಲಿ ಹಸಿರು ಬಾಗಿಲು ಹನ್ನೆರಡು. ಅತ್ತೆಯನ್ನು ವಾರ್ಡಿಗೆ ಸೇರಿಸಿದ ಮೇಲೆ ಡಿಸ್ಕಕ್ಕನೂ ಜೊತೆಗೆ ಹೋದರು. ಇಬ್ಬರೂ ಮಟಮಟ ಮಧ್ಯಾಹ್ನ ಬಾಗಿಲು ಬಡಿಯುತ್ತಾ ಹೋದರು. ಹೆಸರು ಮರೆತ ಇನ್ನೊಬ್ಬಳು ದಾರಿಯಲ್ಲೇ ಸಿಕ್ಕಳು. ಒಂಬತ್ತನೇ ಬಾಗಿಲು ತೆರೆದವಳು ಗೋಡೆ ಹಿಡಿದು ನಿಂತಿದ್ದಳು. ತಲೆನೋವು, ಕಣ್ಣಿಗೆ ಮಂಜು, ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ. ಅವಳನ್ನು ಜೀಪಿಗೆ ಹತ್ತಿಸಿದರು. ಆ ರಾತ್ರಿಯೇ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದರು. ತಾಯಿಯೂ ಉಳಿದಳು, ಹೆಣ್ಣು ಕೂಸೂ ಉಳಿಯಿತು.

ವಿಚಾರಣೆ ನಡೆಯಿತು. ಮಾಡಿದವರು ಯಾರು ಗೊತ್ತೇ? ಆಡಳಿತದ ಸಾಹೇಬರು. ಬಟನ್ ಮೇಲೆ ಯಾರ ಬೆರಳಿತ್ತೋ ಅದೇ ಬೆರಳು ವರದಿಗೆ ಸಹಿ ಹಾಕಿತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುವುದನ್ನು ಮೂರು ಪುಟದಲ್ಲಿ ಟೈಪು ಮಾಡಿ ಮೊಹರು ಹೊಡೆದರೆ ಹೇಗಿರುತ್ತದೋ ಹಾಗಿದೆ ಅದು. ತಪಾಸಣೆ ನಡೆಯುವಾಗಲೇ ದಾಖಲೆ ಹೋದದ್ದರಿಂದ ತಪಾಸಣೆಯಿಂದಲೇ ಹೋಯಿತಂತೆ. ಸಂಬಂಧಪಟ್ಟ ಸಿಬ್ಬಂದಿ ಸ್ಥಳದಲ್ಲಿರಲಿಲ್ಲವಂತೆ. ಇಂಥ ತಪಾಸಣೆ ಮಾಡಬೇಕೆಂದು ಯಾವ ಲಿಖಿತ ಆದೇಶವೂ ಇಲ್ಲವಂತೆ. ಇಪ್ಪತ್ತಮೂರು ದಾಖಲೆಗಳೂ ಮರಳಿ ಸಿಕ್ಕಿದ್ದರಿಂದ ನಷ್ಟವೇನೂ ಆಗಿಲ್ಲವಂತೆ. ಮರಳಿ ಸಿಕ್ಕಿದ್ದು ಹೇಗೆ, ಯಾರ ಕಾಲು ಸವೆಯಿತು, ಹಸಿರು ಬಾಗಿಲಿನವಳು ಯಾರು, ಒಂದಕ್ಷರವಿಲ್ಲ. ಕೊನೆಗೆ ಆ ಪದ: ನಿರ್ಲಕ್ಷ್ಯ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಆದೇಶ ಬಂದದ್ದು ಈ ತಿಂಗಳು. ಬೆಳಗಿನ ತಪಾಸಣೆ ಬೇಡ, ಕೆಟ್ಟಾಗ ರಿಪೇರಿ ಮಾಡಿಸಿದರೆ ಸಾಕು. ಅದಕ್ಕೆ ಕೊಟ್ಟ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಮೇಲಿನಿಂದ ಬಂದ ನಮೂನೆಯಲ್ಲಿ 'ಪರಿಹರಿಸಿದ ದೂರುಗಳು' ಅಂತ ಒಂದು ಕಾಲಂ ಇದೆ. ಈ ಲೆಕ್ಕವರ್ಷದ ಹನ್ನೊಂದು ತಿಂಗಳಲ್ಲಿ ಈ ಕೋಣೆಯ ಲೆಕ್ಕ ಮೂರು. ಮೂರೇ ಮೂರು ದೂರಿಗೆ ಒಬ್ಬ ಸಿಬ್ಬಂದಿ ಯಾಕೆ ಅಂತ ಪ್ರಶ್ನೆ. ದೂರು ಬರದ ಹಾಗೆ ನೋಡಿಕೊಂಡದ್ದಕ್ಕೆ ಶಿಕ್ಷೆ. ಇವರು ಮನೆಯಲ್ಲಿ ಮಲಗಿ ನಿದ್ದೆ ಹೊಡೆದು, ವಾರಕ್ಕೆ ಎರಡು ಡಿಸ್ಕು ಸಾಯಲು ಬಿಟ್ಟು, ಆಮೇಲೆ ಓಡಾಡಿ ಬೆವರು ಒರೆಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಶಾಲು ಹೊದಿಸಿ ಫೋಟೋ ಹಿಡಿಯುತ್ತಿದ್ದರು.

ಸಾಹೇಬರನ್ನೂ ಕೇಳಿದ್ದಾಯಿತು. ತುಂಬ ಸೌಜನ್ಯದವರು, ಟೀ ತರಿಸಿದರು. "ಆ ಹೆಂಗಸಾ? ಪಾಪ, ಒಳ್ಳೆಯವರು. ಆದ್ರೆ ವ್ಯವಸ್ಥೆ ಮುಖ್ಯ, ವ್ಯಕ್ತಿ ಅಲ್ಲ ನೋಡಿ," ಅಂದರು. ಬಟನ್ ಒತ್ತಿದ್ದು ಯಾರು ಅಂದರೆ, "ಅದೆಲ್ಲ ವರದಿಯಲ್ಲಿದೆ" ಅಂದರು. ವರದಿಯಲ್ಲಿ ಇಲ್ಲ. ಏಳುವಾಗ ಅವರೇ ಒಂದು ಸಲಹೆಯನ್ನೂ ಕೊಟ್ಟರು: "ಎಲೆಮರೆಯ ಕಾಯಿ ಅಂತ ಬರೀರಿ, ಚೆನ್ನಾಗಿರುತ್ತೆ."

ಬರೆಯೋಣ. ಆದರೆ ಒಂದು ಮಾತು. ಕಾಯಿ ತಾನಾಗಿ ಹೋಗಿ ಎಲೆಯ ಹಿಂದೆ ಅಡಗಿಲ್ಲ. ಅದರ ಮುಂದೆ ಎಲೆ ಹಿಡಿದು ನಿಂತವರಿದ್ದಾರೆ, ಅವರ ಕೈಯಲ್ಲಿ ಮೊಹರೂ ಇದೆ.

ನರ್ಸುಗಳಿಗೆ ಸಿಟ್ಟು ಕುದಿಯುತ್ತಿದೆ. ಟೀ ಕುಡಿಯುವ ಹೊತ್ತಿಗೆ ಕೋಣೆಗೆ ಬಂದ ಇಬ್ಬರು ಡಿಸ್ಕಕ್ಕನಿಗೆ ಉಪದೇಶ ಮಾಡುತ್ತಾರೆ. "ಅಕ್ಕ, ಈ ಒಂಬತ್ತು ದಿನ ಏನೂ ಮಾಡಬೇಡಿ. ಸುಮ್ನೆ ಬಿಟ್ಟುಬಿಡಿ. ನಾಲ್ಕು ಕೆಡಲಿ. ಆಗ ಅವರೇ ಬಂದು ಕಾಲಿಗೆ ಬೀಳ್ತಾರೆ."

ಡಿಸ್ಕಕ್ಕ ಲೋಟ ಕೆಳಗಿಡುತ್ತಾರೆ. ಇಷ್ಟು ಹೊತ್ತು ಮೆತ್ತಗಿದ್ದ ದನಿ ಮೊದಲ ಸಲ ಗಡುಸಾಗುತ್ತದೆ. "ಯಾವ ನಾಲ್ಕು ಕೆಡಲಿ, ನೀವೇ ಹೇಳಿ. ನಿಮ್ಮದಾ? ಅದರಲ್ಲಿ ನಿನ್ನೆ ತೂಕ ಹಾಕಿದ ಕೂಸುಗಳಿಲ್ವಾ? ನನ್ನ ಬೆಲೆ ತೋರಿಸ್ಕೊಳ್ಳೋಕೆ ಇನ್ನೊಬ್ಬಳು ಗೋಡೆ ಹಿಡ್ಕೊಂಡು ನಿಲ್ಲಬೇಕಾ?" ಆಮೇಲೆ ಲೋಟ ಎತ್ತಿಕೊಂಡು ತಾವೇ ಇಬ್ಬರಿಗೂ ಸಮಾಧಾನ ಮಾಡುತ್ತಾರೆ, "ಸಿಟ್ಟು ನನಗೂ ಇದೆ ಕಣ್ರೇ. ಡಿಸ್ಕು ಏನು ಮಾಡಿದೆ ಪಾಪ."

ಸಿಟ್ಟಿದೆ ಅನ್ನುವುದು ನಿಜ. ವರದಿಯ ಪ್ರತಿಯನ್ನು ಅವರು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಆ ಪದದ ಕೆಳಗೆ ಪೆನ್ನಿನಲ್ಲಿ ಗೀಟೆಳೆದು ಎಳೆದು ಕಾಗದ ತೂತಾಗಿದೆ. ಅದನ್ನು ತೆಗೆಸಿ ಅಂತ ಕೊಟ್ಟ ಅರ್ಜಿ ನಾಲ್ಕು. "ಚೀಟಿ ಕಿಟಕೀಲಿ ಕೂರಿಸ್ಲಿ, ಕೂರ್ತೀನಿ. ಕೆಲಸಕ್ಕೇನು ನಾಚಿಕೆ? ಆದ್ರೆ ನಿರ್ಲಕ್ಷ್ಯ ಅಂದ್ರಲ್ಲ, ಆ ಒಂದು ಪದ ಅಳಿಸಿಕೊಟ್ಟರೆ ಸಾಕು. ಅತ್ತೆ ಈಗಲೂ ಕೇಳ್ತಾರೆ, ನಾನು ಬಿದ್ದಿದ್ದಕ್ಕೇ ನಿನಗೆ ಹೀಗಾಯ್ತಾ ಅಂತ. ಇಲ್ಲ ಅತ್ತೆ ಅಂತೀನಿ. ನಂಬಲ್ಲ."

ಅರ್ಜಿಗಳಿಗೆ ಉತ್ತರ ಬಂದಿಲ್ಲ. ಆದೇಶವೂ ಬದಲಾಗಿಲ್ಲ. ಬದಲಾದದ್ದು ಒಂದೇ. ಹೋದ ವಾರದಿಂದ ಐದೂವರೆಗೆ ದೊಡ್ಡ ಸಿಸ್ಟರ್ ಕಣ್ಣುಜ್ಜಿಕೊಳ್ಳುತ್ತಾ ಬರುತ್ತಿದ್ದಾರೆ. ತಮ್ಮ ಲ್ಯಾಪ್‌ಟಾಪನ್ನು ತಾವು ನೋಡಿಕೊಳ್ಳಬಾರದು ಅಂತ ಯಾವ ಲಿಖಿತ ಆದೇಶವೂ ಇಲ್ಲವಲ್ಲ ಅನ್ನುವುದು ಅವರ ವಾದ. ಸಾಹೇಬರ ಅಸ್ತ್ರ ಸಾಹೇಬರಿಗೇ. ಬೈದುಕೊಂಡೇ ಕಲಿಯುತ್ತಿದ್ದಾರೆ. "ಈ ವಯಸ್ಸಿಗೆ ನನಗೆ ಇದೆಲ್ಲ ಬೇಕಿತ್ತಾ ಅಕ್ಕ," ಅನ್ನುತ್ತಲೇ ನಕಲು, ನೋಟ, ರಿಪೇರಿ ಅಂತ ಬೆರಳು ಮಡಚುತ್ತಾರೆ.

ಇವತ್ತು ಹದಿನೇಳರ ಪಾಳಿ. ನಕಲು ಮುಗಿದಿದೆ. ಅಂಕಿ ಏರಿ ಏರಿ ಇಪ್ಪತ್ತೇಳಕ್ಕೆ ಬಂದು ನಿಲ್ಲುತ್ತದೆ. ಕೋಣೆಯಲ್ಲಿ ಕರಕರ ಸದ್ದೊಂದೇ. ಐದು ನಿಮಿಷ. ಹತ್ತು ನಿಮಿಷ. ಕಿಟಕಿಯಲ್ಲಿ ಬೆಳಕು ಏರುತ್ತದೆ, ಹೊರಗೆ ಮೊದಲ ಜೀಪು ಕೆಮ್ಮಿ ಚಾಲೂ ಆಗುತ್ತದೆ. ದೊಡ್ಡ ಸಿಸ್ಟರ್ ಕೈ ತಾನಾಗಿಯೇ ಮುಂದೆ ಚಾಚುತ್ತದೆ, ಮತ್ತೆ ಹಿಂದಕ್ಕೆ ಬಂದು ಮಡಿಲಲ್ಲಿ ಕೂರುತ್ತದೆ.

ಕಪಾಟಿನಲ್ಲಿ ಹದಿನೇಳನೇ ಗೂಡಿನ ಮೇಲೆ ಗೇಣುದ್ದದ ಹೊಸ ಮರದ ಪಟ್ಟಿಯೊಂದಿದೆ. ಗಂಡ ಉಳಿಯಲ್ಲಿ ಕೊರೆದದ್ದು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಅದೇ ಹಳೇ ಮಾತು: '27ಕ್ಕೆ ನಿಂತರೆ ಮುಟ್ಟಬೇಡಿ. ಕೆಟ್ಟಿಲ್ಲ. ಕಾಯಿರಿ.' ಇದನ್ನೂ ಕೀಳಿಸಿದರೆ ಅಂದರೆ ಡಿಸ್ಕಕ್ಕ ನಗುತ್ತಾರೆ. "ಚೀಟಿ ಕೀಳೋಕೆ ಉಗುರು ಸಾಕಾಗಿತ್ತು. ಇದಕ್ಕೆ ಸ್ಕ್ರೂಡ್ರೈವರ್ ತರಬೇಕು, ನಾಲ್ಕು ಸ್ಕ್ರೂ ಬಿಚ್ಚಬೇಕು. ಬಿಚ್ಚೋ ಹೊತ್ತಿಗೆ ಒಂದು ಸಲ ಓದಿರ್ತಾರಲ್ಲ."

ಹತ್ತೊಂಬತ್ತನೇ ನಿಮಿಷಕ್ಕೆ ಪರದೆ ಒಮ್ಮೆ ಮಿಟುಕುತ್ತದೆ. ಇಪ್ಪತ್ತೆಂಟು. ಅಲ್ಲಿಂದ ಸರಸರ ಏರಿ ನೂರು ಮುಟ್ಟುತ್ತದೆ. ದೊಡ್ಡ ಸಿಸ್ಟರ್ ಪರದೆಯತ್ತ ಬಾಗಿ, ನಾವೇನೂ ಮಾಡಲೇ ಇಲ್ಲವಲ್ಲ ಅಕ್ಕ ಅನ್ನುತ್ತಾರೆ.

ಡಿಸ್ಕಕ್ಕ ಹದಿನಾಲ್ಕನೇ ಪುಸ್ತಕ ತೆಗೆದು, ಪೆನ್ನನ್ನು ಸಿಸ್ಟರ್ ಕೈಗೆ ಕೊಡುತ್ತಾರೆ.

"ಮಾಡಿದ್ವಿ. ಕಾದ್ವಿ. ಈಗ ಸರಿ ಅಂತ ಬರೀರಿ."